ದೊಡ್ಡಪ್ಪನಿಗೆ ರಾಜ್ಯೋತ್ಸವ ಪ್ರಶಸ್ತಿ: ಅರ್ಜಿ ಹಾಕಬೇಕೆ, ಸುಮ್ಮನೆ ಕಾಯಬೇಕೆ?

ಪ್ರಶ್ನೆ: ನಮ್ಮದು ಕೊಳ್ಳೇಗಾಲ ಕಡೆಯ ಹಳ್ಳಿ. ನನ್ನ ದೊಡ್ಡಪ್ಪ ನೀಲಗಾರರು, ಅಂದರೆ ಮಂಟೇಸ್ವಾಮಿ ಪರಂಪರೆಯ ದೀಕ್ಷೆ ಪಡೆದ ಹಾಡುಗಾರರು. ಹದಿನಾಲ್ಕನೇ ವಯಸ್ಸಿಗೆ ತಂಬೂರಿ ಹಿಡಿದವರು, ಈಗ ಎಪ್ಪತ್ತು ದಾಟಿದೆ. ಮಂಟೇಸ್ವಾಮಿ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಓದು ಬರಹ ಇಲ್ಲ. ಮನೆಯಲ್ಲಿರುವುದು ನಾಲ್ಕು ಸರ್ಟಿಫಿಕೇಟು, ಒಂದಷ್ಟು ಶಾಲು. ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬರಬೇಕೆಂಬುದು ನನ್ನ ಆಸೆ. ಪರಿಚಯದವರೊಬ್ಬರು "ಮೇಲಿನವರು ಗೊತ್ತು, ಐವತ್ತು ಸಾವಿರ ಕೊಟ್ಟರೆ ಮಾಡಿಸಿಕೊಡ್ತೀನಿ" ಅನ್ನುತ್ತಾರೆ. ಯಾವುದೋ ಸಂಘದವರು "ನಿಮ್ಮ ದೊಡ್ಡಪ್ಪ ರಾಜ್ಯೋತ್ಸವ ಪ್ರಶಸ್ತಿಗೆ ಆಯ್ಕೆಯಾಗಿದ್ದಾರೆ, ಏಳು ಸಾವಿರ ಕಟ್ಟಿ" ಎಂದು ಫೋನ್ ಮಾಡಿದ್ದರು. ಆಧಾರ್‌ನಲ್ಲಿ ಅವರ ವಯಸ್ಸು 57 ಎಂದಿದೆ. ಇದೆಲ್ಲದರ ಮೇಲೆ ದೊಡ್ಡಪ್ಪನದೇ ಒಂದು ಹಟ: "ಭಿಕ್ಷ ಎತ್ತೋದು ಗುರುವಿನ ಹೆಸರಲ್ಲಿ ಕಣಪ್ಪ, ನನ್ನ ಹೆಸರಲ್ಲಲ್ಲ. ಕೇಳಿ ಇಸ್ಕಳದು ಪ್ರಶಸ್ತಿಯಾ?" ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ನಾಲ್ಕು ಚಿಂತೆಗಳಿವೆ. ದುಡ್ಡು ಕೇಳುವವರನ್ನು ಏನು ಮಾಡುವುದು, ದಾಖಲೆ ಇಲ್ಲದ ಬದುಕನ್ನು ಹೇಗೆ ತೋರಿಸುವುದು, ಆಧಾರ್‌ನ ವಯಸ್ಸನ್ನು ಹೇಗೆ ಸರಿಪಡಿಸುವುದು, ಕೊನೆಗೆ ದೊಡ್ಡಪ್ಪನ ಮಾತಿಗೆ ಏನು ಉತ್ತರ ಕೊಡುವುದು. ಮೊದಲ ಮೂರಕ್ಕೆ ದಾರಿ ಇದೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಜಾನಪದ ಕಲಾವಿದರ ಮನೆಗಳಿಗೆ ಹೋಗಿ, ಅವರ ಪದ ಬರೆದುಕೊಂಡು, ಅರ್ಜಿಗಳನ್ನೂ ಬರೆದುಕೊಟ್ಟು ಮೂವತ್ತು ವರ್ಷವಾಯಿತು. ಆಯ್ಕೆಯ ಮೇಜಿನ ಆ ಬದಿಯಲ್ಲೂ ಕೂತಿದ್ದೇನೆ. ಎರಡೂ ಬದಿಯಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಪ್ರಶಸ್ತಿಯ ವಿಷಯ. ರಾಜ್ಯೋತ್ಸವ ಪ್ರಶಸ್ತಿ ಶುರುವಾದದ್ದು 1966ರಲ್ಲಿ. ರಾಜ್ಯ ಸರ್ಕಾರ ಕೊಡುವ ನಾಗರಿಕ ಗೌರವಗಳಲ್ಲಿ ಕರ್ನಾಟಕ ರತ್ನದ ನಂತರದ ಸ್ಥಾನ ಇದರದು. ಈಗ ಇದರ ಜೊತೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಮತ್ತು ಪ್ರಶಸ್ತಿ ಪತ್ರ ಬರುತ್ತದೆ. ಹಿಂದೆ ಪುರಸ್ಕೃತರ ಸಂಖ್ಯೆಗೆ ಲಂಗುಲಗಾಮು ಇರಲಿಲ್ಲ, ನೂರರ ಗಡಿ ದಾಟಿದ ವರ್ಷಗಳೂ ಇದ್ದವು. ಅದು ಪ್ರಶಸ್ತಿಯ ತೂಕವನ್ನೇ ಇಳಿಸಿತು. ಆಮೇಲೆ ಮಾರ್ಗಸೂಚಿ ಬಂತು. ಎಷ್ಟನೇ ರಾಜ್ಯೋತ್ಸವವೋ ಅಷ್ಟೇ ಪ್ರಶಸ್ತಿ, ಸಾಮಾನ್ಯವಾಗಿ 60 ವರ್ಷ ತುಂಬಿರಬೇಕು ಎಂದಾಯಿತು. 2023ರಲ್ಲಿ 68 ಮಂದಿಗೆ, 2024ರಲ್ಲಿ 69 ಮಂದಿಗೆ, 2025ರಲ್ಲಿ 70 ಮಂದಿಗೆ ಸಿಕ್ಕಿತು.

ಎಪ್ಪತ್ತು ಅಂದರೆ ಬಹಳ ಅನ್ನಿಸಬಹುದು. ಆದರೆ ಸಾಹಿತ್ಯ, ಸಂಗೀತ, ನೃತ್ಯ, ರಂಗಭೂಮಿ, ಸಿನಿಮಾ, ಶಿಲ್ಪ, ಚಿತ್ರಕಲೆ, ಯಕ್ಷಗಾನ, ಬಯಲಾಟ, ಸಮಾಜಸೇವೆ, ಶಿಕ್ಷಣ, ವೈದ್ಯಕೀಯ, ಕೃಷಿ, ಕ್ರೀಡೆ, ಮಾಧ್ಯಮ, ಹೊರನಾಡು, ಎಲ್ಲವೂ ಆ ಎಪ್ಪತ್ತರೊಳಗೇ ಹಂಚಿಕೆಯಾಗಬೇಕು. ಜಾನಪದದ ಪಾಲಿಗೆ ಬರುವುದು ಬೆರಳೆಣಿಕೆ. ಅದರಲ್ಲಿ ಉತ್ತರದ ಗೀಗೀ ಪದ, ಚೌಡಿಕೆ, ಗೊಂದಲಿಗರ ಪದ, ಕರಾವಳಿಯ ಪಾಡ್ದನ, ನಿಮ್ಮ ಕಡೆಯ ಕಂಸಾಳೆ, ತಂಬೂರಿ, ಸೋಬಾನೆ ಎಲ್ಲಕ್ಕೂ ಜಾಗ ಸಿಗಬೇಕು. 31 ಜಿಲ್ಲೆಗಳಿಗೆ ಹಂಚಬೇಕು, ಯಾರೂ ಕಾಣದ ಸಮುದಾಯಗಳನ್ನೂ ನೋಡಬೇಕು. ಹಾಗಾಗಿ ಅರ್ಹರೊಬ್ಬರಿಗೆ ಒಂದು ವರ್ಷ ಬರಲಿಲ್ಲ ಅಂದರೆ ಅವರ ಕಲೆಯಲ್ಲಿ ಕೊರತೆ ಇದೆ ಎಂದಲ್ಲ. ಆ ವರ್ಷದ ತಟ್ಟೆಯಲ್ಲಿ ಅವರ ತುತ್ತು ಇರಲಿಲ್ಲ, ಅಷ್ಟೇ. ಇದನ್ನು ಮನೆಯವರು ಮೊದಲೇ ಅರಿತಿರಬೇಕು. ಬರುತ್ತದೆಂದು ಊರೆಲ್ಲ ಹೇಳಿಕೊಂಡು, ಅಕ್ಟೋಬರ್ ಕೊನೆಯ ದಿನಗಳಲ್ಲಿ ಟಿವಿ ಮುಂದೆ ಕೂತು, ಪಟ್ಟಿಯಲ್ಲಿ ಹೆಸರಿಲ್ಲದೆ ಮಂಕಾದ ಹಿರಿಯರನ್ನು ನಾನು ನೋಡಿದ್ದೇನೆ. ಆ ನೋವು ಕೊಟ್ಟದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಮನೆಯವರ ಅವಸರ.

ಇನ್ನು ವಶೀಲಿ. ಅದು ಇಲ್ಲವೇ ಇಲ್ಲ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಶಿಫಾರಸು ಪತ್ರಗಳು ಬರುತ್ತವೆ, ಫೋನುಗಳು ಬರುತ್ತವೆ. ಆದರೆ ಜನ ತಿಳಿದಂತೆ "ವಶೀಲಿ ಇದ್ದರಷ್ಟೇ" ಎಂಬುದು ಸುಳ್ಳು. ಆಯ್ಕೆಗೆ ಕೂತವರ ಮುಂದೆ ಕಾಗದದ ಗುಡ್ಡೆಯೇ ಇರುತ್ತದೆ. ಅದರಲ್ಲಿ ಬಹುಪಾಲು ಒಂದೇ ಅಚ್ಚಿನವು: "ಇವರು ಚಿಕ್ಕಂದಿನಿಂದಲೂ ಕಲಾಸೇವೆ ಮಾಡುತ್ತಾ ಬಂದಿದ್ದು, ಅನೇಕ ಕಡೆ ಕಾರ್ಯಕ್ರಮ ನೀಡಿ, ಅನೇಕ ಸನ್ಮಾನಗಳಿಗೆ ಭಾಜನರಾಗಿದ್ದಾರೆ." ಇದನ್ನು ಓದಿದ ಯಾರಿಗೂ ಯಾವ ಮನುಷ್ಯನ ಮುಖವೂ ಕಾಣುವುದಿಲ್ಲ. ನಡುವೆ ಒಂದು ಹಾಳೆಯಲ್ಲಿ "ಇವರು ಹಾಡುವ ಈ ಕಥಾಭಾಗ ಸುತ್ತಲ ಹಳ್ಳಿಗಳಲ್ಲಿ ಬೇರೆ ಯಾರಿಗೂ ಪೂರ್ತಿ ಬರುವುದಿಲ್ಲ, ಮೂವರು ಹುಡುಗರಿಗೆ ಕಲಿಸುತ್ತಿದ್ದಾರೆ" ಎಂದು ಕಂಡರೆ ಕೈ ಅಲ್ಲಿ ನಿಲ್ಲುತ್ತದೆ. ಯಾರ ಪರಿಚಯವೂ ಇಲ್ಲದೆ, ಇಂಥ ಎರಡು ಸಾಲಿನ ಬಲದಿಂದ ಚರ್ಚೆಗೆ ಬಂದ ಹೆಸರುಗಳು ನನಗೆ ನೆನಪಿವೆ.

ಐವತ್ತು ಸಾವಿರ ಕೇಳಿದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಈ ದಂಧೆ ನಡೆಯುವ ಬಗೆ ಸರಳ. ದಲ್ಲಾಳಿ ಹತ್ತು ಮನೆಯಿಂದ ದುಡ್ಡು ಎತ್ತುತ್ತಾನೆ, ಯಾರಿಗೂ ಏನನ್ನೂ ಮಾಡಿಸುವುದಿಲ್ಲ. ಹತ್ತರಲ್ಲಿ ಒಬ್ಬರಿಗೆ ತಮ್ಮ ಅರ್ಹತೆಯಿಂದಲೇ ಬಂದರೆ "ನಾನೇ ಮಾಡಿಸಿದ್ದು" ಅನ್ನುತ್ತಾನೆ. ಉಳಿದವರಿಗೆ "ಮುಂದಿನ ವರ್ಷ ಖಂಡಿತ". ದುಡ್ಡು ಕೊಟ್ಟವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಕಾನೂನಿನ ಅಪಾಯವೂ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ಕೇಳಿದವರು ಸರ್ಕಾರಿ ನೌಕರರಾಗಿದ್ದರೆ ಲೋಕಾಯುಕ್ತಕ್ಕೆ ಹೋಗಬಹುದು, ಹೊರಗಿನವರಾಗಿದ್ದರೆ ಪೊಲೀಸ್ ಠಾಣೆಗೆ. ಆದರೆ ಬಾಯಿ ಮಾತಿನ ದೂರು ನಿಲ್ಲುವುದು ಕಷ್ಟ, ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬಾಳಬೇಕಾದ ಇಕ್ಕಟ್ಟೂ ಇದೆ. ದೂರು ಕೊಡುವಷ್ಟು ಸಾಕ್ಷ್ಯ ನಿಮ್ಮ ಬಳಿ ಇಲ್ಲದಿದ್ದರೆ, ಕೊನೇಪಕ್ಷ ನಾಲ್ಕು ಜನರ ಎದುರು "ಸರ್ಕಾರಿ ಪ್ರಶಸ್ತಿಗೆ ಶುಲ್ಕ ಇಲ್ಲ ಅಂತ ಗೊತ್ತಾಯ್ತು" ಎಂದುಬಿಡಿ. ಅಷ್ಟಕ್ಕೇ ಅಂಥವರು ನಿಮ್ಮ ಮನೆ ಕಡೆ ಬರುವುದು ನಿಲ್ಲುತ್ತದೆ.

ಏಳು ಸಾವಿರದ ಸಂಘದ ಕತೆ ಬೇರೆ. "ರಾಜ್ಯೋತ್ಸವ ಪ್ರಶಸ್ತಿ", "ರಾಜ್ಯಮಟ್ಟದ ಕಲಾರತ್ನ" ಎಂದೆಲ್ಲ ಹೆಸರಿಟ್ಟು ಖಾಸಗಿಯವರೂ ಸಮಾರಂಭ ಮಾಡುತ್ತಾರೆ. ಕೆಲವರು ಪ್ರೀತಿಯಿಂದ, ಕೈಯಿಂದ ಖರ್ಚು ಮಾಡಿ ಹಿರಿಯರನ್ನು ಕರೆದು ಕೂರಿಸುತ್ತಾರೆ. ಅವರಿಗೆ ನಮಸ್ಕಾರ. ಆದರೆ "ನೋಂದಣಿ", "ಮೆಮೆಂಟೋ ಖರ್ಚು" ಎಂದು ಕಲಾವಿದರಿಂದಲೇ ವಸೂಲಿ ಮಾಡುವುದು ಸನ್ಮಾನವಲ್ಲ, ಶಾಲಿನ ವ್ಯಾಪಾರ. ಜಿಲ್ಲಾಡಳಿತ ನವೆಂಬರ್ 1ರಂದು ಕೊಡುವ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯೂ ಇದೆ, ತಾಲ್ಲೂಕು ಮಟ್ಟದ್ದೂ ಇದೆ. ಅವು ಸರ್ಕಾರದವೇ, ಅವಕ್ಕೂ ಹಣ ಕೇಳುವುದಿಲ್ಲ. ಗೌರವ ಡಾಕ್ಟರೇಟ್ ಮಾರುವವರೂ ಇನ್ನೊಂದು ದಿನ ಫೋನ್ ಮಾಡುತ್ತಾರೆ, ಅವರಿಗೂ ಇದೇ ಉತ್ತರ.

ಈಗ ಆಧಾರ್. ನಿಮಗೆ ಇದು ಸಣ್ಣ ವಿಷಯ ಅನ್ನಿಸಿರಬಹುದು, ನನ್ನ ಪ್ರಕಾರ ನೀವು ನಾಳೆ ಬೆಳಿಗ್ಗೆಯೇ ಹಿಡಿಯಬೇಕಾದ ಕೆಲಸ ಇದೇ. ಶಾಲೆಗೆ ಹೋಗದ ಎಷ್ಟೋ ಹಿರಿಯರಿಗೆ ಕ್ಯಾಂಪಿನಲ್ಲಿ ಕಣ್ಣಳತೆಯ ಮೇಲೆ ಒಂದು ವರ್ಷ ಹಾಕಿ, ಜನವರಿ 1 ಎಂದು ನಮೂದಿಸಿಬಿಟ್ಟಿದ್ದಾರೆ. ಕಾಗದದಲ್ಲಿ 57 ಎಂದಿರುವವರೆಗೆ ಅವರು ರಾಜ್ಯೋತ್ಸವ ಪ್ರಶಸ್ತಿಯ 60ಕ್ಕೂ ಸಲ್ಲುವುದಿಲ್ಲ, ಕಷ್ಟದಲ್ಲಿರುವ ಕಲಾವಿದರ ಮಾಸಾಶನಕ್ಕೆ ಬೇಕಾದ 58ಕ್ಕೂ ಸಲ್ಲುವುದಿಲ್ಲ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಆದ್ದರಿಂದ ಆತುರಪಟ್ಟು ಯಾವುದೋ ಒಂದು ವರ್ಷ ಹೇಳಿ ಬರಬೇಡಿ. ಮೊದಲು ಮನೆಯ ಕಾಗದಗಳನ್ನೆಲ್ಲ ಹರವಿಕೊಂಡು ಕೂರಿ: ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಹಳೆಯ ಬ್ಯಾಂಕ್ ಪಾಸ್‌ಬುಕ್. ಒಂದೆರಡು ವರ್ಷವಾದರೂ ಶಾಲೆಗೆ ಹೆಸರು ಹಚ್ಚಿದ್ದರೆ ದಾಖಲಾತಿ ಪುಸ್ತಕದಲ್ಲಿ ಹುಡುಕಿಸಿ, ಆ ಶಾಲೆಯಿಂದ ಪ್ರಮಾಣಪತ್ರ ತೆಗೆಸಿ. ಮಕ್ಕಳ ವಯಸ್ಸು, ತಮ್ಮಂದಿರ ವಯಸ್ಸು ತಾಳೆಯಾಗುವಂತೆ ಇರಲಿ. ಅಣ್ಣನಿಗಿಂತ ತಮ್ಮ ದೊಡ್ಡವನೆಂದು ಕಾಗದ ಹೇಳುವ ಮನೆಗಳನ್ನು ನಾನು ಕಂಡಿದ್ದೇನೆ, ಅಲ್ಲಿ ಪ್ರತಿ ಅರ್ಜಿಯೂ ಎಡವುತ್ತದೆ. ಯಾವ ದಾಖಲೆ ನಡೆಯುತ್ತದೆ ಎಂದು ಆಧಾರ್ ಸೇವಾ ಕೇಂದ್ರದಲ್ಲೇ ಕೇಳಿಕೊಂಡು ಆಮೇಲೆ ತಿದ್ದುಪಡಿಗೆ ಕೊಡಿ. ವಯಸ್ಸು ಹೆಚ್ಚಿಸಿದ ಸುಳ್ಳು ಪತ್ರ ಮಾಡಿಸಿಕೊಡುವವರೂ ಸಿಗುತ್ತಾರೆ. ನಿಜವಾಗಿಯೂ ಎಪ್ಪತ್ತಾದವರಿಗೆ ಸುಳ್ಳು ಕಾಗದ ಏಕೆ ಬೇಕು?

ಆಧಾರ್ ಸರಿಯಾದ ಕೂಡಲೇ ಪ್ರಶಸ್ತಿಗಿಂತ ಮೊದಲು ಮಾಸಾಶನಕ್ಕೆ ಹಾಕಿ. ಜಿಲ್ಲಾ ಕೇಂದ್ರದಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿದರೆ ಆ ವರ್ಷದ ಅರ್ಜಿ, ಆದಾಯದ ಮಿತಿ, ಬೇಕಾದ ದಾಖಲೆ ಎಲ್ಲ ಹೇಳುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯದ್ದೂ ಒಂದು ನೆರವಿದೆ. 60 ದಾಟಿದ, ಆದಾಯ ಕಡಿಮೆ ಇರುವ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ಸಿಗುತ್ತದೆ. ಪ್ರಶಸ್ತಿ ಬಂದರೆ ಬಂತು, ಬಾರದಿದ್ದರೆ ಇಲ್ಲ. ಮಾಸಾಶನ ಹಾಗಲ್ಲ. ಮಾತ್ರೆಗೆ, ಬಸ್ಸಿಗೆ, ಹರಿದ ತಂತಿಗೆ ತಿಂಗಳು ತಿಂಗಳು ಒದಗುವುದು ಅದು. "ಮಾಸಾಶನ ತಗೊಂಡರೆ ಪ್ರಶಸ್ತಿ ಸಿಗಲ್ಲ, ಬಡವ ಅಂತ ಕೀಳಾಗಿ ನೋಡ್ತಾರೆ" ಎಂಬ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಆಯ್ಕೆಯ ಮೇಜಿನಲ್ಲಿ ಹಾಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನು "ನಾಲ್ಕು ಸರ್ಟಿಫಿಕೇಟು" ಎಂದಿರಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಿಮ್ಮ ಕಡೆಯವರೇ ಒಬ್ಬ ಹಿರಿಯ ಹಾಡುಗಾರರ ಮನೆಗೆ ಹೋಗಿದ್ದೆ. ಅಟ್ಟದಿಂದ ತಗಡಿನ ಟ್ರಂಕು ಇಳಿಸಿದರು. ಮೇಲೆ ಶಾಲುಗಳು, ಕೆಳಗೆ ಗೆದ್ದಲು ತಿಂದ ಪ್ರಮಾಣಪತ್ರಗಳು, ಅದರಡಿ ಒಂದು ಕಟ್ಟು ಆಹ್ವಾನ ಪತ್ರಿಕೆ. ನಾನು ಒಂದೊಂದೇ ಬಿಡಿಸಿ ನೋಡುತ್ತಾ ಹೋದೆ. ಉದ್ಘಾಟಕರ ಹೆಸರು, ಅಧ್ಯಕ್ಷರ ಹೆಸರು, ಮುಖ್ಯ ಅತಿಥಿಗಳ ಸಾಲು ಸಾಲು ಹೆಸರು, ಕೊನೆಗೆ "ಜಾನಪದ ಗಾಯನ: ನೀಲಗಾರರ ತಂಡದಿಂದ". ಇನ್ನೊಂದರಲ್ಲಿ ತಂಡದ ನಾಯಕರ ಹೆಸರು, ಮುಂದೆ "ಮತ್ತು ಸಂಗಡಿಗರು". ಆ ಸಂಗಡಿಗರಲ್ಲಿ ಒಬ್ಬರು ನನ್ನ ಎದುರು ಕೂತಿದ್ದವರು. ಹನ್ನೆರಡು ವರ್ಷ ಅವರು ಆ ಎರಡಕ್ಷರದ "ಮತ್ತು"ವಿನ ಆಚೆ ಬದಿಯಲ್ಲೇ ಹಾಡಿದ್ದರು. ಯಾವ ಕಾಗದದಲ್ಲೂ ಅವರಿರಲಿಲ್ಲ. ದಾಖಲೆ ಇಲ್ಲದ ಕಲಾವಿದರು ಎಂದು ನಾವು ಹೇಳುವವರ ಸ್ಥಿತಿ ಬಹುಪಾಲು ಇದೇ. ಅವರು ದುಡಿದಿದ್ದಾರೆ, ಬರೆಯಬೇಕಾದವರು ಬರೆದಿಲ್ಲ.

ಆದ್ದರಿಂದ ಕಡತವನ್ನು ನೀವೇ ಕಟ್ಟಬೇಕು. ಸರ್ಟಿಫಿಕೇಟಿನಿಂದ ಶುರುಮಾಡಬೇಡಿ, ಹಾಡಿನಿಂದ ಶುರುಮಾಡಿ. ಅವರಿಗೆ ಯಾವ ಯಾವ ಸಾಲು, ಅಂದರೆ ಕತೆಯ ಯಾವ ಯಾವ ಭಾಗ, ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಕಲ್ಯಾಣದ ಸಾಲು ಎಷ್ಟು ಹೊತ್ತು ಹಾಡುತ್ತಾರೆ, ಕೆಂಪಾಚಾರಿ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯಾಗುವ ಭಾಗ, ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಹತ್ತಿರ ಕಬ್ಬಿಣದ ಭಿಕ್ಷಕ್ಕೆ ಹೋಗುವ ಭಾಗ ಹೇಗೆ ಹಾಡುತ್ತಾರೆ, ಬೇರೆಯವರು ಬಿಟ್ಟುಬಿಡುವ ಯಾವ ಪ್ರಸಂಗ ಇವರ ಬಾಯಲ್ಲಿ ಉಳಿದಿದೆ. ಯಾರಿಂದ ಕಲಿತರು, ಆ ಗುರುವಿಗೆ ಯಾರು ಗುರು. ದೀಕ್ಷೆ ಆದದ್ದು ಎಲ್ಲಿ. ಚಿಕ್ಕಲ್ಲೂರು ಜಾತ್ರೆಗೆ, ಕಪ್ಪಡಿ ಜಾತ್ರೆಗೆ ಎಷ್ಟು ವರ್ಷದಿಂದ ತಪ್ಪದೆ ಹೋಗುತ್ತಿದ್ದಾರೆ. ಯಾರಿಗೆ ಕಲಿಸಿದ್ದಾರೆ, ಅವರಲ್ಲಿ ಈಗಲೂ ತಂಬೂರಿ ಹಿಡಿಯುವವರು ಯಾರು. ಇದಿಷ್ಟು ಎರಡು ಪುಟಕ್ಕೆ ಬಂದರೆ ನಿಮ್ಮ ಕಡತದ ಬೆನ್ನೆಲುಬು ಸಿದ್ಧವಾದಂತೆ.

ಆಮೇಲೆ ಧ್ವನಿಮುದ್ರಣ. ಒಳ್ಳೆಯ ಮೊಬೈಲ್ ಸಾಕು. ಫೋನನ್ನು ತೀರ ಹತ್ತಿರ ಇಟ್ಟರೆ ಕೈಯಲ್ಲಿ ಹಿಡಿದು ತಾಳಕ್ಕೆ ನುಡಿಸುವ ಗಗ್ಗರದ ಸದ್ದೇ ತುಂಬಿಕೊಂಡು ಮಾತು ಹೂತುಹೋಗುತ್ತದೆ. ಎರಡು ಮಾರು ದೂರದಲ್ಲಿ, ಬಾಯಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್ ಆರಿಸಿ. ಶುರುವಿನಲ್ಲಿ ದಿನಾಂಕ, ಊರು, ಹಾಡುವವರ ಹೆಸರು, ಹಿಮ್ಮೇಳದವರ ಹೆಸರು ಬಾಯಿ ಬಿಟ್ಟು ಹೇಳಿ. ಎರಡು ನಿಮಿಷದ ರೀಲು ಮಾಡಬೇಡಿ, ಒಂದು ಸಾಲನ್ನಾದರೂ ತುದಿಯಿಂದ ತುದಿಗೆ ಹಿಡಿಯಿರಿ. ಗುರುವಿಗೆ ಮೀಸಲಾದ, ಹೊರಗೆ ಹಾಡಬಾರದ ಭಾಗವೇನಾದರೂ ಇದ್ದರೆ ಅದನ್ನು ಅವರು ಬೇಡವೆಂದಾಗ ಬಿಟ್ಟುಬಿಡಿ.

ಹಳೆಯ ದಾಖಲೆ ಹೊರಗೂ ಇರುತ್ತದೆ. ಆಕಾಶವಾಣಿಯಲ್ಲಿ ಹಾಡಿದ್ದರೆ ಕರಾರು ಪತ್ರ ಇರಬೇಕು. ವಿಶ್ವವಿದ್ಯಾನಿಲಯದಿಂದ ಯಾರಾದರೂ ಬಂದು ಪದ ಬರೆದುಕೊಂಡು ಹೋಗಿದ್ದರೆ ಆ ಪುಸ್ತಕದಲ್ಲೋ ಪ್ರಬಂಧದಲ್ಲೋ ವಕ್ತೃವಿನ, ಅಂದರೆ ಪದ ಹೇಳಿಕೊಟ್ಟವರ, ಹೆಸರು ಇರುತ್ತದೆ. ಆ ಒಂದು ಪುಟದ ಜೆರಾಕ್ಸ್ ಹತ್ತು ಶಾಲಿಗಿಂತ ಭಾರ. ಶಾಲು ಹೊದ್ದ ಫೋಟೋಗಳನ್ನು ಮೂರಕ್ಕಿಂತ ಹೆಚ್ಚು ಇಡಬೇಡಿ. ಶಾಸಕರ, ಸ್ವಾಮೀಜಿಗಳ ಶಿಫಾರಸು ಪತ್ರಕ್ಕಾಗಿ ಅಲೆಯುವ ಬದಲು, ಅವರ ಹಾಡು ಬಲ್ಲ ಒಬ್ಬ ಅಧ್ಯಾಪಕರಿಂದಲೋ ಇನ್ನೊಬ್ಬ ಹಿರಿಯ ಕಲಾವಿದರಿಂದಲೋ ಅರ್ಧ ಪುಟ ಬರೆಸಿ.

ಈ ಕಡತ ಕೈಯಲ್ಲಿದ್ದರೆ ದಾರಿಗಳು ಹಲವು. ರಾಜ್ಯೋತ್ಸವ ಪ್ರಶಸ್ತಿಗೆ ಸರ್ಕಾರ ಪ್ರತಿ ವರ್ಷ ಒಂದೇ ಕ್ರಮ ಅನುಸರಿಸುವುದಿಲ್ಲ. ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ ಸಾರ್ವಜನಿಕರಿಂದ ಹೆಸರು ಕೇಳಿದ ವರ್ಷಗಳಿವೆ, ಸಮಿತಿಯೇ ಹುಡುಕಿ ಆರಿಸುವುದೂ ಉಂಟು. ಹಾಗಾಗಿ ಆಗಸ್ಟ್‌ನಿಂದಲೇ ಇಲಾಖೆಯ ಪ್ರಕಟಣೆ ನೋಡುತ್ತಿರಿ, ಜಿಲ್ಲಾ ಕಚೇರಿಯಲ್ಲಿ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇದಕ್ಕಿಂತ ನಿಮಗೆ ಹತ್ತಿರದ್ದು ಕರ್ನಾಟಕ ಜಾನಪದ ಅಕಾಡೆಮಿಯ ವಾರ್ಷಿಕ ಗೌರವ ಪ್ರಶಸ್ತಿ. ಅಲ್ಲಿ ಜಿಲ್ಲೆಗೊಬ್ಬರಂತೆ ಕಲಾವಿದರನ್ನು ಆರಿಸುತ್ತಾರೆ, ಮೊತ್ತ 25 ಸಾವಿರ. ಹಣ ಕಡಿಮೆ ಇರಬಹುದು, ಆದರೆ ನಿಮ್ಮ ದೊಡ್ಡಪ್ಪನವರು ಅಲ್ಲಿ ಸಿನಿಮಾದವರ ಜೊತೆ, ವೈದ್ಯರ ಜೊತೆ ತೂಗಬೇಕಿಲ್ಲ. ತಂಬೂರಿ ಬಲ್ಲವರೇ ತಂಬೂರಿಯವರನ್ನು ನೋಡುತ್ತಾರೆ. ನನ್ನನ್ನು ಕೇಳಿದರೆ ಮೊದಲ ಹೆಜ್ಜೆ ಇದೇ ಆಗಲಿ.

ಪದ್ಮ ಪ್ರಶಸ್ತಿಯೂ ಕೈಗೆಟುಕದ ಹಣ್ಣೇನಲ್ಲ. ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಸೂಚಿಸಬಹುದು, ಶುಲ್ಕವಿಲ್ಲ. ಸಾಧನೆಯ ವಿವರ 800 ಪದದೊಳಗೆ ಇರಬೇಕು. ಹಣ ಬರುವುದಿಲ್ಲ, ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಹಾಕಿಕೊಳ್ಳುವ ಹಾಗೂ ಇಲ್ಲ. ಅಂಕೋಲಾದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳದ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಬಂದಾಗ 96 ವರ್ಷ. ಈ ಹೆಸರುಗಳು ಕೊಡುವ ಧೈರ್ಯ ನಿಜ, ಕಾಯಬೇಕಾದ ಕಾಲದ ಉದ್ದವೂ ಅಷ್ಟೇ ನಿಜ.

ಕೊನೆಗೆ ದೊಡ್ಡಪ್ಪನ ಮಾತು. "ಭಿಕ್ಷ ಎತ್ತೋದು ಗುರುವಿನ ಹೆಸರಲ್ಲಿ" ಎಂದಾಗ ಅವರು ಸುಮ್ಮನೆ ಹಟ ಮಾಡುತ್ತಿಲ್ಲ. ನೀಲಗಾರರಿಗೆ ಭಿಕ್ಷ ಎಂಬುದು ದೀಕ್ಷೆಯ ಭಾಗ. ಸಿದ್ಧಪ್ಪಾಜಿ ಹಲಗೂರಿನ ಬೀದಿಯಲ್ಲಿ ಕಬ್ಬಿಣ ಬೇಡಿದ್ದು ತನಗಾಗಿ ಅಲ್ಲ, ಗುರು ಕಳಿಸಿದ್ದಕ್ಕೆ. ಅದನ್ನು ಐವತ್ತು ವರ್ಷಕ್ಕೂ ಮೇಲೆ ಹಾಡಿದ ಬಾಯಿ "ನನಗೆ ಪ್ರಶಸ್ತಿ ಕೊಡಿ" ಎಂದು ಹೇಳಲಾರದು. ಹೇಳಿಸಲೂ ಬೇಡಿ. ಅವರ ಹೆಬ್ಬೆಟ್ಟು ಒತ್ತಿಸಿ "ನಾನು ಈ ಪ್ರಶಸ್ತಿಗೆ ಅರ್ಹನಾಗಿದ್ದು" ಎಂದು ಶುರುವಾಗುವ ಅರ್ಜಿ ಬರೆಯಬೇಡಿ. ನಾಮನಿರ್ದೇಶನ ಬೇರೆ. ಅಲ್ಲಿ ಹೇಳುವವರು ನೀವು: "ನಾನು ಇವರ ತಮ್ಮನ ಮಗ. ನಾನು ಕೇಳಿದ್ದು, ಕಂಡದ್ದು ಇಷ್ಟು." ಅದು ಬೇಡುವುದಲ್ಲ, ಸಾಕ್ಷಿ ಹೇಳುವುದು. ಈ ವ್ಯತ್ಯಾಸವನ್ನು ಅವರಿಗೆ ತಾಳ್ಮೆಯಿಂದ ಹೇಳಿ ನೋಡಿ. ನಾನು ಕಂಡ ಹಿರಿಯರಲ್ಲಿ ಬಹಳ ಮಂದಿ ಇದಕ್ಕೆ ಒಪ್ಪಿದ್ದಾರೆ. ಒಪ್ಪದಿದ್ದರೆ ಅವರ ಮಾತೇ ನಡೆಯಲಿ. ಕದ್ದು ಹೆಸರು ಕಳಿಸಿ, ಆಯ್ಕೆಯಾದ ಮೇಲೆ ಅವರು ಬೇಡವೆಂದರೆ ಎಲ್ಲರಿಗೂ ಮುಜುಗರ. ಮಾಸಾಶನದ ವಿಷಯದಲ್ಲಿ ಮಾತ್ರ ಸ್ವಲ್ಪ ಒತ್ತಾಯ ಮಾಡಿ. ಅದು ಭಿಕ್ಷವಲ್ಲ, ಅವರಂಥವರಿಗೆಂದೇ ಇಟ್ಟಿರುವ ಹಣ.

ಅವರು ಪ್ರಶಸ್ತಿ ಬೇಡವೆಂದರೂ ಕಡತದ ಕೆಲಸ ನಿಲ್ಲಿಸಬೇಡಿ. ಆ ಸಾಲುಗಳು, ಆ ಧ್ವನಿ, ಗುರುಗಳ ಹೆಸರು ಮನೆಯಲ್ಲಿರಲಿ, ಒಂದು ಪ್ರತಿ ಜಾನಪದ ಅಕಾಡೆಮಿಗೋ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಹೋಗಲಿ. ಬರೆಯುವಾಗ ಇನ್ನೊಂದು ಮಾಡಿ. ದೊಡ್ಡಪ್ಪನ ಹಿಂದೆ ಇಷ್ಟು ವರ್ಷ ಸೊಲ್ಲು ಎತ್ತಿದವರು, ತಾಳ ಹಾಕಿದವರು ಇದ್ದಾರಲ್ಲ, ಅವರನ್ನೂ ಒಂದು ಸಂಜೆ ಕೂರಿಸಿಕೊಳ್ಳಿ. ಪ್ರತಿಯೊಬ್ಬರ ಪೂರ್ತಿ ಹೆಸರು, ಊರು, ತಂದೆಯ ಹೆಸರು ಕೇಳಿ ಬರೆದುಕೊಳ್ಳಿ. "ಮತ್ತು ಸಂಗಡಿಗರು" ಎಂಬ ಮಾತು ನಿಮ್ಮ ಕಡತದಲ್ಲಿ ಎಲ್ಲೂ ಬರದಿರಲಿ.